ಗ್ಯಾಸ್ಕೆಟ್ ದಪ್ಪ ಇದ್ದರೆ ಸೋರಲ್ಲ ಅಂತ ಯಾರು ಹೇಳಿದ್ದು?

ಎರಡು ಪೈಪುಗಳನ್ನು ಬೋಲ್ಟ್ ಹಾಕಿ ಸೇರಿಸಲು ಅವುಗಳ ತುದಿಯಲ್ಲಿರುವ ಅಗಲ ಬಳೆಯೇ ಫ್ಲ್ಯಾಂಜ್, ಎರಡು ಫ್ಲ್ಯಾಂಜ್‌ಗಳ ನಡುವೆ ಸೋರದಂತೆ ಇಡುವ ಹಾಳೆ ಅಥವಾ ಉಂಗುರವೇ ಗ್ಯಾಸ್ಕೆಟ್. ಪೈಪ್‌ಲೈನಿನ ಫ್ಲ್ಯಾಂಜ್ ಮುಖ ನೋಡಲು ನುಣುಪಾಗಿಯೇ ಇರುತ್ತದೆ. ಉಗುರಿನಿಂದ ಒಮ್ಮೆ ಗೀರಿ ನೋಡಿ, ಗ್ರಾಮಫೋನ್ ತಟ್ಟೆಯಲ್ಲಿ ಇರುವಂಥ ಸಣ್ಣ ಗೆರೆಗಳು ತಾಗುತ್ತವೆ. ಬೇಕಂತಲೇ ಹಾಗೆ ಕಡೆದಿರುತ್ತಾರೆ. ಬೋಲ್ಟ್ ಬಿಗಿದಾಗ ಗ್ಯಾಸ್ಕೆಟ್ ಆ ಗೆರೆಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ, ಎಣ್ಣೆಗೋ ಗ್ಯಾಸಿಗೋ ನುಸುಳಲು ಸಂದು ಸಿಗುವುದಿಲ್ಲ.

ಹಾಗಾದರೆ ದಪ್ಪದ್ದು ಹಾಕಿದರೆ ಇನ್ನೂ ಒಳ್ಳೆಯದು ಅಲ್ವಾ? ಇಲ್ಲ, ಉಲ್ಟಾ. ಒಳಗಿನ ಒತ್ತಡ ಗ್ಯಾಸ್ಕೆಟ್ಟಿನ ಅಂಚನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ದಪ್ಪ ಹೆಚ್ಚಿದಷ್ಟೂ ತಳ್ಳಲು ಜಾಗ ಜಾಸ್ತಿ. ದಪ್ಪ ಹಾಳೆ ದಿನ ಕಳೆದಂತೆ ಕುಗ್ಗುವುದೂ ಜಾಸ್ತಿ, ಆಗ ಬೋಲ್ಟಿನ ಬಿಗಿ ಹೋಗುತ್ತದೆ. ಫ್ಲ್ಯಾಂಜ್ ಮುಖ ಸಮವಾಗಿದ್ದರೆ ತೆಳುವಾದದ್ದೇ ವಾಸಿ.

ಇನ್ನು ಯಾವ ವಸ್ತು? ಒಳಗೆ ಏನು ಹರಿಯುತ್ತದೆ, ಎಷ್ಟು ಬಿಸಿ, ಎಷ್ಟು ಒತ್ತಡ ಅಂತ ಮೊದಲು ಕೇಳಬೇಕು. ಟೆಫ್ಲಾನ್ ಹೆಚ್ಚುಕಮ್ಮಿ ಎಲ್ಲ ರಾಸಾಯನಿಕಗಳನ್ನೂ ತಡೆಯುತ್ತದೆ, ಆದರೆ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಕೈಲಿ ಆಗುವುದಿಲ್ಲ. ಗ್ರಾಫೈಟ್ ಅದಕ್ಕಿಂತ ಬಹಳ ಬಿಸಿ ತಡೆಯುತ್ತದೆ, ಆದರೂ ಸುಮಾರು 450 ಡಿಗ್ರಿಯಲ್ಲಿ ಗಾಳಿ ತಾಗಿದರೆ ಮೆಲ್ಲಗೆ ಸುಟ್ಟು ಸವೆಯುತ್ತದೆ. ರಬ್ಬರಿನದು ಬೇರೆಯೇ ಕಥೆ: ಭಾರೀ ಒತ್ತಡದ ಗ್ಯಾಸ್ ಅದರೊಳಕ್ಕೇ ಇಂಗಿ ಕೂತಿರುತ್ತದೆ, ಲೈನಿನ ಒತ್ತಡವನ್ನು ತಟ್ಟನೆ ಇಳಿಸಿದರೆ ಆ ಗ್ಯಾಸ್ ಉಬ್ಬಿ ರಬ್ಬರನ್ನೇ ಸೀಳುತ್ತದೆ.

ನನಗೆ ಇಷ್ಟವಾದದ್ದು ಸ್ಪೈರಲ್ ವೂಂಡ್. ತೆಳು ಸ್ಟೀಲ್ ಪಟ್ಟಿಯನ್ನು ವಿ ಆಕಾರಕ್ಕೆ ಬಗ್ಗಿಸಿ, ಗ್ರಾಫೈಟ್ ಪಟ್ಟಿಯ ಜೊತೆ ಸುರುಳಿ ಸುತ್ತಿರುತ್ತಾರೆ. ಸಾಮಾನ್ಯವಾಗಿ 4.5 ಮಿಲಿಮೀಟರ್ ಇರುವ ಸುರುಳಿ ಬಿಗಿದಾಗ ಸುಮಾರು 3.2ಕ್ಕೆ ಇಳಿಯುತ್ತದೆ. ಪೈಪ್ ಬಿಸಿಯಾಗಿ ತಣ್ಣಗಾಗಿ ಸಂದು ಕೂದಲೆಳೆಯಷ್ಟು ಬಿಟ್ಟುಕೊಂಡರೂ ಆ ವಿ ಸ್ಪ್ರಿಂಗಿನಂತೆ ಹಿಂದಕ್ಕೆ ಚಾಚಿ ಮುಚ್ಚುತ್ತದೆ. ಹೊರ ಅಂಚಿನ ಬಣ್ಣ ನೋಡಿದರೆ ಲೋಹ ಯಾವುದೆಂದು ಗೊತ್ತಾಗುತ್ತದೆ: 304 ಸ್ಟೀಲಿಗೆ ಹಳದಿ, 316ಕ್ಕೆ ಹಸಿರು. ನಡುವೆ ಬೂದು ಪಟ್ಟೆ ಇದ್ದರೆ ಗ್ರಾಫೈಟ್, ಬಿಳಿ ಇದ್ದರೆ ಟೆಫ್ಲಾನ್.

ಒತ್ತಡ ತೀರಾ ಹೆಚ್ಚಿದ್ದರೆ ಗಟ್ಟಿ ಲೋಹದ ಉಂಗುರ, ಅಂದರೆ ಆರ್‌ಟಿಜೆ (ರಿಂಗ್ ಟೈಪ್ ಜಾಯಿಂಟ್). ಉಂಗುರ ಕೂರುವ ಕಾಲುವೆಗಿಂತ ಉಂಗುರವೇ ಮೆತ್ತಗಿರಬೇಕು. ಇಲ್ಲದಿದ್ದರೆ ಜಜ್ಜಿಹೋಗುವುದು ಫ್ಲ್ಯಾಂಜ್. ಉಂಗುರ ಬದಲಿಸಬಹುದು, ಫ್ಲ್ಯಾಂಜ್ ಬದಲಿಸಲು ಪೈಪನ್ನೇ ಕತ್ತರಿಸಬೇಕು!

ನೆಲದಡಿಯ ಪೈಪಿಗೆ ತುಕ್ಕು ಹಿಡಿಯದಿರಲಿ ಅಂತ ಸಣ್ಣ ವಿದ್ಯುತ್ ಹರಿಸುತ್ತಾರೆ. ಅದು ಮುಂದಿನ ಪೈಪಿಗೆ ದಾಟದಂತೆ ತಡೆಯಲು ಗ್ಲಾಸ್ ಫೈಬರಿನ ಇನ್ಸುಲೇಟಿಂಗ್ ಗ್ಯಾಸ್ಕೆಟ್ ಇದೆ. ಅಲ್ಲಿ ಬೋಲ್ಟುಗಳಿಗೂ ಪ್ಲಾಸ್ಟಿಕ್ ಕೊಳವೆ ತೊಡಿಸಬೇಕು, ವಾಷರೂ ಇನ್ಸುಲೇಟಿಂಗೇ ಆಗಿರಬೇಕು. ಒಂದೇ ಒಂದು ಬೋಲ್ಟಿಗೆ ಮರೆತರೂ ವಿದ್ಯುತ್ ಆ ಬೋಲ್ಟ್ ಮೂಲಕವೇ ದಾಟಿಹೋಗುತ್ತದೆ.