ಬೆಳ್ಳಗೆ ಕಂಡದ್ದೆಲ್ಲ ಎಲುಬಲ್ಲ

ಹಲ್ಲು ಕಿತ್ತ ಗುಂಡಿಗೆ ಗ್ರಾಫ್ಟ್ ಪುಡಿ (ಹೊಸ ಎಲುಬು ಕಟ್ಟಲು ಆಸರೆಯಾಗುವ ಸಣ್ಣ ಹರಳು) ತುಂಬಿ ಹೊಲಿಗೆ ಹಾಕಿದ ಮೂರೇ ವಾರಕ್ಕೆ ಎಕ್ಸ್‌ರೇ ಹಿಡಿದು ಬರುವವರು ಶಿರಸಿಯಲ್ಲೂ ಇದ್ದಾರೆ, ಕುಮಟೆಯಲ್ಲೂ ಇದ್ದಾರೆ. "ನೋಡಿ, ಬೆಳ್ಳಗೆ ತುಂಬಿಕೊಂಡಿದೆ. ಇಂಪ್ಲಾಂಟ್ ಕೂರಿಸಿಬಿಡಿ, ಮದುವೆ ಹತ್ತಿರ ಬಂತು."

ಇಂಪ್ಲಾಂಟ್ ಎಂದರೆ ಎಲುಬಿನಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು, ಅದಕ್ಕೆ ಎಲುಬೇ ಬೇಕು. ಆ ಬಿಳಿ ಎಲುಬಲ್ಲ ಮಾರಾಯ್ರೆ. ಪುಡಿಯಲ್ಲೇ ಕ್ಯಾಲ್ಸಿಯಂ ಫಾಸ್ಫೇಟ್ ಇದೆ. ಬಾಟಲಿಯಲ್ಲಿಟ್ಟು ಎಕ್ಸ್‌ರೇ ತೆಗೆದರೂ ಬೆಳ್ಳಗೇ ಕಾಣುತ್ತದೆ. ತುಂಬಿದ ದಿನವೇ ತೆಗೆದರೆ ಇನ್ನೂ ಚೆಂದ ಕಾಣುತ್ತದೆ!

ಪುಡಿ ತೊಂಡೆ ಚಪ್ಪರವಿದ್ದಂತೆ. ಚಪ್ಪರ ಕಟ್ಟಿದ ಮರುದಿನ ತೊಂಡೆಕಾಯಿ ಕೊಯ್ಯಲು ಯಾರೂ ಹೋಗುವುದಿಲ್ಲ. ಮೊದಲು ಹರಳುಗಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಆ ಹೆಪ್ಪಿನೊಳಕ್ಕೆ ಸಣ್ಣ ರಕ್ತನಾಳಗಳು ಹಬ್ಬಬೇಕು, ಅವುಗಳ ಹಿಂದೆ ಎಲುಬು ಕಟ್ಟುವ ಕೋಶಗಳು ಬರಬೇಕು. ಹರಳು 0.25ರಿಂದ 1 ಮಿ.ಮೀ. ಇರುವುದು ಈ ಸಂದಿಗಾಗಿಯೇ. ಅವಲಕ್ಕಿ ಡಬ್ಬಿಗೆ ತುರುಕಿದಂತೆ ಒತ್ತಿ ತುಂಬಿದರೆ ನಾಳಗಳಿಗೆ ದಾರಿ ಇರುವುದಿಲ್ಲ. ಎಲುಬಿನ ಬದಲು ನಾರಿನಂಥ ಅಂಗಾಂಶದಲ್ಲಿ ಸಿಕ್ಕಿಕೊಂಡ ಮರಳು ಉಳಿಯುತ್ತದೆ. ಮೇಲೆ ಪೊರೆ ಹೊದೆಸುವುದೂ ಸುಮ್ಮನೆ ಅಲ್ಲ. ಒಸಡು ಎಲುಬಿಗಿಂತ ಬೇಗ ಬೆಳೆದು ಗುಂಡಿಗೆ ಇಳಿದುಬಿಡುತ್ತದೆ, ಅದಕ್ಕೇ ಪೊರೆ ಗುಂಡಿಯ ಅಂಚಿನಿಂದ 2–3 ಮಿ.ಮೀ. ಆಚೆಗೆ ಗಟ್ಟಿ ಎಲುಬಿನ ಮೇಲೆ ಕೂರಬೇಕು.

ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಕೃತಕ ಪುಡಿ ಸಾಮಾನ್ಯವಾಗಿ 6ರಿಂದ 18 ತಿಂಗಳಲ್ಲಿ ಕರಗುತ್ತ ಹೋಗುತ್ತದೆ. ದನದ ಎಲುಬಿನಿಂದ ಮಾಡಿದ ಹರಳು ವರ್ಷಗಟ್ಟಲೆ ಉಳಿಯುತ್ತದೆ. ಹೌದು, ದನದ್ದೇ. ಪೊರೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಕೂಡ ಹೆಚ್ಚಾಗಿ ದನ ಅಥವಾ ಹಂದಿಯದ್ದು. ಬೇಡವೆನ್ನುವವರಿಗೆ ಕೃತಕ ಪುಡಿ ಇದೆ, ಆದರೆ ಕೇಳುವುದಾದರೆ ಚಿಕಿತ್ಸೆಗೆ ಮೊದಲೇ ಕೇಳಿ.

ಇನ್ನು ಎಲುಬು 'ಬೆಳೆಯುವ ಇಂಜೆಕ್ಷನ್' ಕೊಡಿ ಎನ್ನುವವರಿದ್ದಾರೆ. ಅವರು ಹೇಳುವುದು ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್). ಪಿಆರ್‌ಎಫ್ ಎಂದರೆ ನಿಮ್ಮದೇ ರಕ್ತ: ಹೆಪ್ಪುತಡೆ ಹಾಕದ ಟ್ಯೂಬಿನಲ್ಲಿ 10 ಮಿ.ಲೀ. ತೆಗೆದು ತಕ್ಷಣ ನಿಮಿಷಕ್ಕೆ 2700 ಸುತ್ತಿನ ವೇಗದಲ್ಲಿ 12 ನಿಮಿಷ ತಿರುಗಿಸಿದರೆ ನಡುವೆ ನಿಲ್ಲುವ ಹಳದಿ ಹೆಪ್ಪು. ಎರಡು ನಿಮಿಷ ತಡವಾದರೂ ರಕ್ತ ಮೊದಲೇ ಹೆಪ್ಪುಗಟ್ಟಿ ಪದರ ಬಿಡುವುದಿಲ್ಲ. (ಮಳೆಗಾಲದಲ್ಲಿ ಕರೆಂಟು ಹೋದರೂ ಇದೇ ಗತಿ, ಯುಪಿಎಸ್ ಇಲ್ಲದೆ ಸೆಂಟ್ರಿಫ್ಯೂಜ್ ಎಂಬ ಆ ತಿರುಗಿಸುವ ಯಂತ್ರ ಹಚ್ಚಬಾರದು.) ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಹೇಳಿ, ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಈ ಹೆಪ್ಪು ಒಸಡು ಬೇಗ ಮಾಯಲು ನೆರವಾಗುತ್ತದೆ. ಎಲುಬಿನ ಮಟ್ಟಿಗೆ ಅದು ಗೊಬ್ಬರ, ಬೀಜವಲ್ಲ.

ನಿಜವಾಗಿ ಎಲುಬು ಹುಟ್ಟಿಸುವ ಪ್ರೋಟೀನು ಬಿಎಂಪಿ (ಬೋನ್ ಮಾರ್ಫೊಜೆನೆಟಿಕ್ ಪ್ರೋಟೀನ್), ಅದು ಎಲುಬಿನೊಳಗೇ ಇರುತ್ತದೆ. ಖನಿಜ ತೆಗೆದ ಎಲುಬನ್ನು ಸ್ನಾಯುವಿನಲ್ಲಿಟ್ಟರೆ ಅಲ್ಲೇ ಹೊಸ ಎಲುಬು ಹುಟ್ಟುತ್ತದೆಂದು ಅಮೆರಿಕದ ಮೂಳೆ ವೈದ್ಯ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದರು. ಆದರೆ ಬಿಎಂಪಿ ಹೆಚ್ಚು ಹಾಕಿದರೆ ಹೆಚ್ಚು ಎಲುಬು ಎಂಬ ಲೆಕ್ಕ ಇಲ್ಲಿ ನಡೆಯದು. ಊತ ಬರುತ್ತದೆ, ಬೇಡದ ಕಡೆ ಎಲುಬು ಬೆಳೆಯಬಹುದು. ಕುತ್ತಿಗೆಯ ಬೆನ್ನೆಲುಬಿಗೆ ಬಳಸಿದಾಗ ಉಸಿರಿಗೇ ತೊಂದರೆಯಾದದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಪುಡಿ ತುಂಬಿಸಿಕೊಂಡ ಮೊದಲ ಕೆಲವು ದಿನ ಒಂದೆರಡು ಹರಳು ನಾಲಿಗೆಗೆ ಸಿಕ್ಕರೆ ಗಾಬರಿ ಬೇಡ. ಕೀವು ಬಂದರೆ, ಪೊರೆ ಹೊರಗೆ ಕಂಡರೆ ಅದೇ ದಿನ ಬನ್ನಿ. ಎಳನೀರನ್ನು ಸ್ಟ್ರಾ ಹಾಕಿ ಹೀರಬೇಡಿ, ಜೋರಾಗಿ ಉಗುಳಬೇಡಿ. ಎರಡರಿಂದಲೂ ಹೆಪ್ಪು ಕಿತ್ತುಬರುತ್ತದೆ. ಗಂಜಿ, ತಂಬುಳಿ ಅನ್ನ ಸಾಕು, ಬಿಸಿ ಆರಿದ ಮೇಲೆ. ಹೊಲಿಗೆ ಬಿಚ್ಚುವುದು ಸುಮಾರು 10–14 ದಿನಕ್ಕೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗ್ರಾಫ್ಟನ್ನೇ ಮುಂದೂಡುವುದು ವಾಸಿ.

ಇಂಪ್ಲಾಂಟಿಗೆ ಸಾಧಾರಣವಾಗಿ 4ರಿಂದ 6 ತಿಂಗಳು ಕಾಯಬೇಕು. ಆಗ ಸಿಬಿಸಿಟಿ (ದವಡೆಯ ಮೂರು ಆಯಾಮದ ಸ್ಕ್ಯಾನ್) ತೆಗೆದರೂ ಕೊನೆಯ ತೀರ್ಪು ಡ್ರಿಲ್ಲಿನದ್ದೇ: ಎಲುಬಾಗಿದ್ದರೆ ಕೈಗೆ ಬಿಗಿ ಹತ್ತುತ್ತದೆ, ರಕ್ತ ಜಿನುಗುತ್ತದೆ, ಇಲ್ಲದಿದ್ದರೆ ಹರಳು ಪುಡಿಪುಡಿಯಾಗಿ ಬರುತ್ತದೆ. ಅಲ್ಲಿಯವರೆಗೆ ಕವಳದ (ಎಲೆ-ಅಡಿಕೆಯ) ಸಂಚಿ ಮುಟ್ಟಬೇಡಿ. "ಆ ಬದಿಗೆ ಹಾಕುವುದಿಲ್ಲ, ಈ ಬದಿಗೆ ಮಾತ್ರ" ಎನ್ನುವವರಿಗೆ ಒಂದೇ ಮಾತು: ಹೊಗೆಸೊಪ್ಪಿನ ನಿಕೋಟಿನ್ ರಕ್ತಕ್ಕೆ ಸೇರಿ ನಾಳ ಕುಗ್ಗಿಸುತ್ತದೆ, ರಕ್ತಕ್ಕೆ ಆ ಬದಿ ಈ ಬದಿ ಇಲ್ಲ.