ಟಿಸಿ ತೆಗೆಸುವ ಮುಂಚೆ

ಅಕ್ಕನ ಮಗ ಈ ಬಾರಿ ನಾಲ್ಕನೇ ಕ್ಲಾಸು ಮುಗಿಸಿದ. ಏಪ್ರಿಲ್‌ನಲ್ಲಿ ಅಕ್ಕ ಫೋನ್ ಮಾಡಿದಳು. "ಇವನನ್ನ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕೋಣ ಅಂತಿದ್ದೀವಿ ಕಣೋ. ಪಕ್ಕದ ಮನೆ ಹುಡುಗ ಎಷ್ಟು ಚೆನ್ನಾಗಿ ಓದ್ತಾನೆ ನೋಡು. ಟಿಸಿ ತೆಗೆಸ್ಬಿಡ್ಲಾ?"

ಈಗಿನದು ಊರಿನ ಸರ್ಕಾರಿ ಶಾಲೆ, ಮನೆಯಿಂದ ಐದು ನಿಮಿಷ. ಹೊಸ ಶಾಲೆಗೆ ವ್ಯಾನಿನಲ್ಲಿ ಮುಕ್ಕಾಲು ಗಂಟೆ. ಅಕ್ಕನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಪಕ್ಕದ ಮನೆ ಹುಡುಗನನ್ನು ನೋಡಿ ಅವನ ಶಾಲೆಯನ್ನು ಅಳೆಯುವುದರಲ್ಲಿ ಒಂದು ತೊಡಕಿದೆ. ಆ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಓದಿದವರು. ಸಂಜೆ ಟ್ಯೂಷನ್ ಬೇರೆ. ಅವನ ಮಾರ್ಕ್ಸಿನಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಅಂತ ಹೊರಗಿನಿಂದ ಹೇಳೋದು ಹೇಗೆ?

ಇದನ್ನು ಬಿಡಿಸಲು ಒಂದು ಒಳ್ಳೆಯ ದಾರಿ ಎಂದರೆ ಚೀಟಿ ಎತ್ತುವುದು. ನಮ್ಮ ಪಕ್ಕದಲ್ಲೇ, ಆಗಿನ್ನೂ ಒಂದಾಗಿದ್ದ ಆಂಧ್ರಪ್ರದೇಶದ ಹಳ್ಳಿಗಳಲ್ಲಿ 2008ರಿಂದ 2012ರವರೆಗೆ ಅಂಥದ್ದೊಂದು ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದನ್ನು ಅಧ್ಯಯನ ಮಾಡಿದರು. ಖಾಸಗಿ ಶಾಲೆಗೆ ಹೋಗಲು ಅರ್ಜಿ ಹಾಕಿದ ಮಕ್ಕಳ ನಡುವೆ ಲಾಟರಿ ಮಾಡಿದರು. ಗೆದ್ದವರ ಫೀಸನ್ನು ಯೋಜನೆಯೇ ಕಟ್ಟಿತು. ಗೆದ್ದವರು, ಸೋತವರು, ಇಬ್ಬರ ಮನೆಯಲ್ಲೂ ಮಕ್ಕಳನ್ನು ಓದಿಸುವ ಹಂಬಲ ಒಂದೇ. ಬೇರೆಯಾಗಿದ್ದು ಅದೃಷ್ಟ ಮಾತ್ರ. ಹಾಗಾಗಿ ಈ ಹೋಲಿಕೆಯನ್ನು ನಂಬಬಹುದು.

ನಾಲ್ಕು ವರ್ಷದ ನಂತರ ಪರೀಕ್ಷೆ ಮಾಡಿದರೆ ತೆಲುಗು, ಗಣಿತ, ಇಂಗ್ಲಿಷ್, ವಿಜ್ಞಾನ, ಸಮಾಜ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೌದು, ಇಂಗ್ಲಿಷಿನಲ್ಲೂ! ಹಿಂದಿಯಲ್ಲಿ ಮಾತ್ರ ಗೆದ್ದವರು ತುಂಬಾ ಮುಂದಿದ್ದರು. ಯಾಕೆಂದರೆ ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹಿಂದಿಯನ್ನು ಕಲಿಸುತ್ತಲೇ ಇರಲಿಲ್ಲ. ಒಂದು ಮಾತು ಖಾಸಗಿ ಶಾಲೆಗಳ ಪರವಾಗಿಯೂ ಹೇಳಬೇಕು. ಅವು ಒಂದು ಮಗುವಿಗೆ ಖರ್ಚು ಮಾಡುತ್ತಿದ್ದದ್ದು ಸರ್ಕಾರಿ ಶಾಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಎರಡೂ ಕಡೆಯ ಮಕ್ಕಳಲ್ಲಿ ನಮ್ಮ ಕಣ್ಣಿಗೆ ಕಾಣುವ ದೊಡ್ಡ ಅಂತರದ ಬಹುಪಾಲು ಶಾಲೆಯಿಂದ ಬಂದದ್ದಲ್ಲ.

ಇನ್ನು ಭಾಷೆ. ಕೆನಡಾದ ಭಾಷಾ ಕಲಿಕೆಯ ಸಂಶೋಧಕ ಜಿಮ್ ಕಮಿನ್ಸ್ ಅವರು 1980ರ ಸುಮಾರಿಗೆ ವಲಸೆ ಬಂದ ಮಕ್ಕಳಲ್ಲಿ ಒಂದು ವಿಷಯ ಗಮನಿಸಿದರು. ಹೊಸ ಭಾಷೆಯಲ್ಲಿ ಆಟ, ಹರಟೆ ಎಲ್ಲ ಎರಡು ವರ್ಷದಲ್ಲಿ ಬಂದುಬಿಡುತ್ತದೆ. ಪಾಠದ ಭಾಷೆಯಲ್ಲಿ ಓರಗೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಕೆನಡಾದ ಮಕ್ಕಳಿಗೆ ಬೀದಿಯಲ್ಲೂ ಇಂಗ್ಲಿಷ್ ಸಿಗುತ್ತಿತ್ತು. ಅಕ್ಕನ ಮಗನಿಗೆ ಅದೂ ಇಲ್ಲ.

ಹೋದ ವಾರ ಊರಿಗೆ ಹೋಗಿದ್ದಾಗ ಪಕ್ಕದ ಮನೆ ಹುಡುಗನ ಗಣಿತದ ಪುಸ್ತಕ ತರಿಸಿ ಇವನ ಮುಂದಿಟ್ಟೆ. 96 ಮಾವಿನಹಣ್ಣನ್ನು 8 ಬುಟ್ಟಿಗೆ ಹಂಚುವ ಲೆಕ್ಕ, ಇಂಗ್ಲಿಷಿನಲ್ಲಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದ. 'ಈಕ್ವಲಿ' ಅನ್ನೋ ಪದದ ಮೇಲೆ ಬೆರಳಿಟ್ಟು ನಿಂತ. ಪೆನ್ಸಿಲ್ ಚೀಪಿದ. ಕೊನೆಗೆ ಎರಡು ಸಂಖ್ಯೆ ಕೂಡಿಸಿ 104 ಅಂತ ಬರೆದ. ನಾನು ಅದೇ ಲೆಕ್ಕವನ್ನು ಕನ್ನಡದಲ್ಲಿ ಹೇಳಿದೆ. "ಹನ್ನೆರಡು" ಅಂದ, ತಲೆ ಎತ್ತದೆ. ಅಕ್ಕ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ಹೊಸ ಶಾಲೆಯಲ್ಲಿ ಈ 104 ನೋಡಿದವರು ಇವನಿಗೆ ಲೆಕ್ಕ ಬರಲ್ಲ ಅನ್ನುತ್ತಾರೆ, ಅಲ್ವಾ?

ಈಗಿನ ಟೀಚರಿಗೆ ಇವನನ್ನು ಗೊತ್ತು. ಪೆನ್ಸಿಲ್ ಚೀಪಿದರೆ ಅರ್ಥವಾಗಿಲ್ಲ ಅಂತ ತಿಳಿದು ಹತ್ತಿರ ಬರುತ್ತಾರೆ. ಇಂಥದ್ದು ಯಾವ ಟಿಸಿಯಲ್ಲೂ ಬರೆದಿರುವುದಿಲ್ಲ. ಗೆಳೆಯರ ವಿಷಯವೂ ಅಷ್ಟೇ. ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಲ್ಯಾಡ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಷ್ಟೇ ಶಾಲೆಗೆ ಸೇರಿದ ಪುಟ್ಟ ಮಕ್ಕಳಲ್ಲಿ ಗೆಳೆತನ ಉಳಿಸಿಕೊಂಡವರಿಗೆ ಶಾಲೆ ಹೆಚ್ಚು ಇಷ್ಟವಾಗಿತ್ತು.

ಹಾಗಂತ ಎಲ್ಲ ಬದಲಾವಣೆಯೂ ನಷ್ಟವಲ್ಲ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರ ನಡುವೆ ಬಡ ಕೇರಿಗಳ ಕುಟುಂಬಗಳಿಗೆ ಲಾಟರಿ ಮೂಲಕ ಬೇರೆ ಕಡೆ ಮನೆ ಮಾಡಲು ನೆರವು ಕೊಟ್ಟರು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಯವರು ವರ್ಷಗಳ ನಂತರ ಲೆಕ್ಕ ಹಾಕಿದಾಗ, 13 ವರ್ಷ ತುಂಬುವ ಮೊದಲೇ ಹೋದ ಮಕ್ಕಳು ದೊಡ್ಡವರಾಗಿ ಸುಮಾರು 31 ಶೇಕಡಾ ಜಾಸ್ತಿ ದುಡಿಯುತ್ತಿದ್ದರು. ಇನ್ನೂ ದೊಡ್ಡ ವಯಸ್ಸಿನಲ್ಲಿ ಹೋದವರಿಗೆ ಆ ಲಾಭ ಸಿಗಲಿಲ್ಲ. ಅಲ್ಲಿ ಬದಲಾದದ್ದು ಬರೀ ಶಾಲೆಯಲ್ಲ, ಇಡೀ ನೆರೆಹೊರೆ.

ಕಾಯಲೇಬಾರದ ಸಂದರ್ಭಗಳೂ ಇವೆ. ಭಾನುವಾರ ರಾತ್ರಿ ತಪ್ಪದೆ ಹೊಟ್ಟೆನೋವು ಅನ್ನುವ ಮಗುವನ್ನು ಬೈಯಬೇಡಿ, ಪಕ್ಕದಲ್ಲಿ ಕೂತು ಕೇಳಿ. ಶಾಲೆಯಲ್ಲಿ ಹೊಡೆತ, ಅವಮಾನ ನಡೆಯುತ್ತಿದ್ದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಹೇಳಿದ ಮೇಲೂ ನಿಲ್ಲದಿದ್ದರೆ ವರ್ಷದ ನಡುವೆಯೇ ಆದರೂ ಮಗುವನ್ನು ಅಲ್ಲಿಂದ ಬಿಡಿಸಿ.

ಅಕ್ಕನ ಮಗನಿಗೆ ಅಂಥ ತೊಂದರೆ ಇಲ್ಲ. ಊರಿನ ಶಾಲೆ ಏಳನೇ ಕ್ಲಾಸಿನವರೆಗೆ ಇದೆ. ಆಮೇಲೆ ಹೇಗೂ ಇಡೀ ಕ್ಲಾಸೇ ಹೈಸ್ಕೂಲಿಗೆ ಹೋಗುತ್ತದೆ, ಎಲ್ಲರಿಗೂ ಹೊಸ ಜಾಗ. ಅಕ್ಕ ಈ ವರ್ಷ ಟಿಸಿ ಕೇಳಲಿಲ್ಲ. ವ್ಯಾನಿಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಸಣ್ಣ ಸಣ್ಣ ಇಂಗ್ಲಿಷ್ ಕಥೆ ಪುಸ್ತಕ ತಂದಿದ್ದಾಳೆ. ರಾತ್ರಿ ಊಟವಾದ ಮೇಲೆ ಅವನು ಒಂದು ಪುಟ ಓದುತ್ತಾನೆ, ಅವಳು ಪಕ್ಕದಲ್ಲಿ ಕೂತು ಡಿಕ್ಷನರಿ ತಿರುವುತ್ತಾಳೆ.