ಹೊಸ ಪೇಂಟ್ ಹೊಡೆದ ಬಾಡಿಗೆ ಮನೆಗೆ ಥಂಡಿ ಬರಲ್ವಾ?

ಪ್ರಶ್ನೆ: ಚಿಕ್ಕಮಗಳೂರಿನ ಕಲ್ಯಾಣನಗರದ ಕಡೆ ಎರಡು ಬೆಡ್‌ರೂಮಿನ ಮನೆ ನೋಡಿದ್ದೇವೆ. ಬಿಲ್ಡಿಂಗ್ ಹಳೇದು, ಆದರೆ ಪೂರ್ತಿ ರಿನೋವೇಟ್ ಮಾಡಿಸಿದ್ದಾರೆ. ಮಕ್ಕಳಿಗೆ ಆಡೋಕೆ ಜಾಗ ಇದೆ. ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೀನಿ, ಮಳೆಗಾಲಕ್ಕೆ ಯೋಚನೆ ಬೇಡ ಅಂತಾರೆ ಓನರ್. ಅಡ್ವಾನ್ಸ್ ಕೊಡಬಹುದಾ?

ಉತ್ತರ: ಶಾಲೆ ಶುರುವಾಗುವ ಮುಂಚೆ ಬರುವ ಹತ್ತು ಪ್ರಶ್ನೆಯಲ್ಲಿ ಅರ್ಧ ಇದೇ. ಮನೆ ಚೆನ್ನಾಗಿಯೇ ಇರಬಹುದು. ಆದರೆ ಓನರ್ ಕೊಟ್ಟ ಕಾರಣ ಮಾತ್ರ ತಪ್ಪು, ಅದನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಒಳಗೋಡೆಗೆ ಹೊಡೆದ ಪೇಂಟ್ ಥಂಡಿ ತಡೆಯುವುದಿಲ್ಲ. ಡಬ್ಬದ ಮೇಲೆ ಏನೇ ಬರೆದಿರಲಿ. ನೀರು ಬರುವುದು ಹೊರಗಿನಿಂದ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವುದು ಪಶ್ಚಿಮ ಮತ್ತು ನೈಋತ್ಯದ ಗೋಡೆಗಳಿಗೆ. ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇಟ್ಟಿಗೆ ನೀರು ಹೀರುತ್ತದೆ. ಅಂಗಿಯ ಒಳಗೆ ರೈನ್‌ಕೋಟ್ ತೊಟ್ಟರೆ ಅಂಗಿ ನೆನೆಯದೆ ಇರುತ್ತದಾ? ಇಟ್ಟಿಗೆಯಲ್ಲಿ ನಿಂತ ನೀರು ಒಳಕ್ಕೆ ಆರಲು ಬರುವಾಗ ಸಿಮೆಂಟು, ಇಟ್ಟಿಗೆಯಲ್ಲಿರುವ ಉಪ್ಪನ್ನೂ ಕರಗಿಸಿ ತರುತ್ತದೆ. ಪೇಂಟಿನ ಹಿಂದೆ ನೀರು ಆರಿ, ಉಪ್ಪು ಹರಳುಗಟ್ಟಿ, ಪುಟ್ಟಿಯನ್ನು ಹಿಂದಿನಿಂದ ತಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಬಿಳಿ ಪುಡಿ, ಕೊನೆಗೆ ಅಂಗೈಯಗಲದ ಚಕ್ಕೆ. ಪೇಂಟ್ ಎಷ್ಟು ಬಿಗಿಯೋ ಗುಳ್ಳೆ ಅಷ್ಟು ದೊಡ್ಡದು. ಪಿಓಪಿ ಬಳಿದಿದ್ದರಂತೂ ಅದು ನೆನೆದು ಮೆತ್ತಗಾಗಿ ಉದುರುತ್ತದೆ.

ಹಾಗಾಗಿ ಕೇಳಬೇಕಾದದ್ದು ಪೇಂಟ್ ಯಾವ ಕಂಪನಿ ಅಂತಲ್ಲ, ಹೊರಗೆ ಏನು ಮಾಡಿಸಿದಿರಿ ಅಂತ. ಬಿರುಕನ್ನು ಸೀಳಿ ಅಗಲ ಮಾಡಿ ತುಂಬಿಸಿದ್ದಾರಾ, ಇಲ್ಲ ಮೇಲೆ ಸಿಮೆಂಟ್ ಸವರಿದ್ದಾರಾ? ಸಜ್ಜಾದ ಮೇಲೆ ನೀರು ನಿಲ್ಲದಂತೆ ಇಳಿಜಾರು ಇದೆಯಾ? ಸಜ್ಜಾದ ಅಡಿಯ ಅಂಚಿನಲ್ಲಿ ನೀರು ಗೋಡೆ ಕಡೆ ಹರಿಯದೆ ಅಲ್ಲೇ ತೊಟ್ಟಿಕ್ಕುವಂತೆ ಗೀರು ಬಿಟ್ಟಿದ್ದಾರಾ? ಕಿಟಕಿ ಚೌಕಟ್ಟು ಗೋಡೆಗೆ ಸೇರುವ ಸಂದು ಮುಚ್ಚಿದೆಯಾ? ಮೇಲಿನ ಮಹಡಿಯ ಮನೆಯಾದರೆ ತಾರಸಿಗೆ ಹತ್ತಿ, ಪ್ಯಾರಾಪೆಟ್ ಬುಡವನ್ನೂ ನೀರು ಹೋಗುವ ಪೈಪಿನ ಬಾಯನ್ನೂ ನೋಡಿ. ಬಾಯಲ್ಲಿ ಎಲೆ ಕಟ್ಟಿಕೊಂಡಿದ್ದರೆ ಉಳಿದ ರಿನೋವೇಷನ್ ಎಷ್ಟರದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಕಲೆ ಇರುವ ಜಾಗವೂ ಸುಳಿವು ಕೊಡುತ್ತದೆ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಇದ್ದರೆ ನೀರು ತಳಪಾಯದಿಂದ ಏರುತ್ತಿದೆ, ಗ್ರೌಂಡ್ ಫ್ಲೋರಿನಲ್ಲಿ ಇದು ಹೆಚ್ಚು. ಸೂರಿನಲ್ಲಿ ಒಂದೇ ಕಡೆ ದುಂಡಗೆ ಇದ್ದರೆ ಮೇಲಿನವರ ಬಾತ್‌ರೂಮನ್ನು ಮೊದಲು ಅನುಮಾನಿಸಿ. ಅದು ಬೇಸಿಗೆಯಲ್ಲೂ ಒಣಗುವುದಿಲ್ಲ. ಬೀರುವಿನ ಹಿಂದೆ ಕಪ್ಪು ಬೂಷ್ಟು ಮಾತ್ರ ಕಂಡರೆ ಬಹುಪಾಲು ಗಾಳಿಯಾಡದ್ದೇ ಕಾರಣ. ಬೀರುವನ್ನು ನಾಲ್ಕು ಇಂಚು ಮುಂದೆ ಎಳೆದು ಕಿಟಕಿ ತೆರೆದಿಟ್ಟರೆ ತುಂಬಾ ಕಡಿಮೆಯಾಗುತ್ತದೆ.

ಹೊಸ ಪೇಂಟಿನ ಕೆಳಗೆ ಕಲೆ ಕಾಣಲ್ಲವಲ್ಲ ಅಂತೀರಿ. ಸರಿ, ಅದಕ್ಕೊಂದು ಪರೀಕ್ಷೆಯಿದೆ. ಒಂದು ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಪಶ್ಚಿಮದ ಗೋಡೆಗೆ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಮಗ್ಗುಲಲ್ಲಿ, ಅಂದರೆ ಗೋಡೆ ಕಡೆ ಹನಿ ಕೂತಿದ್ದರೆ ಗೋಡೆಯೇ ಹಸಿ. ಕೋಣೆ ಕಡೆ ಹನಿ ಇದ್ದರೆ ಗಾಳಿಯ ತೇವ. ಎರಡು ಮೂರು ದಿನ ಮಳೆ ಹಿಡಿದ ಮೇಲೆ ಮಾಡಿದರೇ ಇದಕ್ಕೆ ಅರ್ಥ, ಮಾರ್ಚ್‌ನಲ್ಲಿ ಎಲ್ಲ ಗೋಡೆಯೂ ಪಾಸು. ಒಂದು ದಿನ ಕೀ ಕೊಡಲು ಓನರ್ ಒಪ್ಪದಿದ್ದರೆ ಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟುತ್ತಾ ಹೋಗಿ; ಪೊಳ್ಳು ಸದ್ದು ಬಂದಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ.

ಮನೆ ಒಪ್ಪಿದರೆ ಸಾಮಾನು ಇಳಿಸುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಹೊರಗೋಡೆಯ ಸೋರಿಕೆ ರಿಪೇರಿ ಮಾಲೀಕರದ್ದು ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಇದ್ದೇ ಇದೆ. ಮಳೆ ತಂದ ಗುಳ್ಳೆಗೂ ನಿಮ್ಮಿಂದ ಇನ್ನಷ್ಟು ವಸೂಲಿ ಆಗಬಾರದು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಕರೆಂಟ್ ಮೀಟರ್ ನೋಡಿದಿರಾ? ಮನೆಗೆ ಸ್ವಂತ ಆರ್‌ಆರ್ ನಂಬರ್, ಅಂದರೆ ಬಿಲ್ ಮೇಲಿರುವ ಕರೆಂಟ್ ಸಂಪರ್ಕದ ನಂಬರ್, ಇರಬೇಕು. ಓನರ್ ಮೀಟರಿನಿಂದ ಎಳೆದ ಸಬ್ ಮೀಟರ್ ಇದ್ದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಸಿಗುವುದಿಲ್ಲ. ಆರ್‌ಆರ್ ನಂಬರ್ ಇದ್ದರೂ ಹಿಂದಿನ ಬಾಡಿಗೆಯವರ ಆಧಾರ್ ಅದಕ್ಕೆ ಜೋಡಣೆಯಾಗಿ ಉಳಿದಿರಬಹುದು. ಅದನ್ನು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಡಿ-ಲಿಂಕ್ ಮಾಡಿಸಿಕೊಡಿ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಹೇಳಿ. ನಿಮ್ಮ ಹಳೆ ಮನೆಯದ್ದನ್ನೂ ಬಿಡಿಸಿಕೊಳ್ಳಿ. ಅನುಮಾನ ಇದ್ದರೆ ಹಳೇ ಬಿಲ್ ಹಿಡಿದು ನಿಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂ ಕಚೇರಿಗೆ ಹೋಗಿ, ಹಾಸನದವರಾದರೆ ಸೆಸ್ಕ್.